ಕೋಳಿಕಾಲಿನ ನವಿಲು

ಯೆರೂಸಲೇಮ್,
ಶಾವುಓತ್ ಹಬ್ಬ ಕಳೆದ ವಾರ, ಗುರುವಾರ ಬೆಳಿಗ್ಗೆ

ಶಲ್ತಿಯೇಲರ ಮಗ ನೆಹೋರಾಯ್ ಅವರಿಗೆ, ಜನ ಕರೆಯುವ ಪ್ರಕಾರ ನೂರಿ ಅವರಿಗೆ, ಇನ್ನೂ ಬೇರೆ ಯಾವ ಹೆಸರಿದ್ದರೂ ಆ ಹೆಸರಿನವರಿಗೆ,

ಮೇಲಿನ ಸಾಲು ಓದಿ ಗಾಬರಿಯಾಗಬೇಡಿ. ಕಾಗದದ ತಲೆಗೆ ಏನು ಬರೆಯಬೇಕು ಅಂತ ಬೆಳಗಿನಿಂದ ಒದ್ದಾಡಿದೆ. ಗಂಡನಿಗೆ ಬರೆಯುವ ಹಾಗೆ ಬರೆಯೋಣ ಅಂದರೆ ಸೋಮವಾರದಿಂದ ನೀವು ನನ್ನ ಗಂಡನಲ್ಲ. ಪರಿಚಯದವರಿಗೆ ಬರೆಯುವ ಹಾಗೆ ಬರೆಯೋಣ ಅಂದರೆ ಕೈ ಬರಲಿಲ್ಲ. ಕೊನೆಗೆ ಬಿಡುಗಡೆ ಪತ್ರದಲ್ಲಿ ಆ ಬರಹಗಾರ ನಿಮ್ಮ ಹೆಸರನ್ನು ಹೇಗೆ ಬರೆದನೋ ಹಾಗೇ ಇಳಿಸಿಬಿಟ್ಟೆ. ತಪ್ಪಾಗುವ ಭಯವಿಲ್ಲ. ನ್ಯಾಯಪೀಠದ ಮೂರು ಜನ ರಬ್ಬಿಗಳು ಅಕ್ಷರ ಅಕ್ಷರ ಪರೀಕ್ಷೆ ಮಾಡಿ ಒಪ್ಪಿದ ಹೆಸರು. ಅಭ್ಯಾಸ ಬಿಡದೆ 'ನೀವು' ಅಂತಲೇ ಬರೆಯುತ್ತಿದ್ದೇನೆ, ಅದನ್ನು ಮರ್ಯಾದೆ ಅಂತ ತಿಳಿಯಬೇಡಿ.

ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊಳ್ಳಿ. ಮೊದಲು ಪೆನ್ಸಿಲಿನಲ್ಲಿ ಬರೆದು ಅದರ ಮೇಲೆ ಪೆನ್ನು ಆಡಿಸುತ್ತಿದ್ದೇನೆ. ನಡುನಡುವೆ ಎದ್ದು ಹೋಗಿ ಗ್ಯಾಸು ಆರಿಸಿದ್ದೇನೋ ಇಲ್ಲವೋ ನೋಡಿ ಬರುತ್ತೇನೆ, ಅದಕ್ಕೆ ಕೆಲವು ಕಡೆ ಮಾತು ತುಂಡಾಗಿರುತ್ತದೆ. ನನ್ನ ಓದು ಮೂರನೇ ಕ್ಲಾಸಿಗೆ ನಿಂತದ್ದು ನಿಮಗೆ ಗೊತ್ತು. ನಿಮ್ಮ ಅತಿಥಿಗಳೆದುರಿಗೆ ನೀವೇ ಎಷ್ಟು ಸಲ ಹೇಳಿದ್ದೀರಿ: "ನನ್ನ ಹೆಂಡತಿ ಓದೋದು ಅಕ್ಕಿ ಚೀಟಿ ಒಂದೇ. ಅದನ್ನೂ ಎರಡು ಸಲ ಓದ್ತಾಳೆ." ಎಲ್ಲರೂ ನಗುತ್ತಿದ್ದರು. ನಾನೂ ಟೀ ಲೋಟ ಇಡುತ್ತಾ ನಗುತ್ತಿದ್ದೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಈ ಕಾಗದದಲ್ಲಿ ಮೇಲಿನವನ ಹೆಸರನ್ನು ನಾನು ಎಲ್ಲೂ ಬರೆದಿಲ್ಲ. ಅವನ ಹೆಸರಿದ್ದರೆ ನೀವು ಇದನ್ನು ಎಸೆಯುವ ಹಾಗಿಲ್ಲ, ಸುಡುವ ಹಾಗಿಲ್ಲ, ಸವೆದ ಪವಿತ್ರ ಬರಹಗಳನ್ನೆಲ್ಲ ಹೂಳುವ ಹಾಗೆ ಮಣ್ಣಿಗೇ ಕೊಡಬೇಕು. ನನ್ನಿಂದ ನಿಮಗೆ ಆ ತಾಪತ್ರಯ ಬೇಡ. ಓದಿದ ಮೇಲೆ ಹರಿದು ಕಸಕ್ಕೆ ಹಾಕಿ.

ನೀವು ಕಾಯುತ್ತಿರುವುದು ಯಾವುದಕ್ಕೆ ಅಂತ ನನಗೆ ಗೊತ್ತು. ಬಿಡುಗಡೆ ಕೊಟ್ಟರೆ ಆ ಹಾಳೆ ಎಲ್ಲಿದೆ ಅಂತ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ಹೇಳುತ್ತೇನೆ. ಕೊಟ್ಟ ಮಾತಿಗೆ ತಪ್ಪಿದರೆ ನನಗೆ ಅನ್ನ ಇಳಿಯುವುದಿಲ್ಲ. ಆದರೆ ಕಾಗದ ನನ್ನದು, ನನಗೆ ತೋಚಿದ ಹಾಗೆ ಹೇಳುತ್ತೇನೆ. ಹನ್ನೊಂದು ವರ್ಷ ನನ್ನನ್ನು ಕಟ್ಟಿಹಾಕಿ ಇಟ್ಟಿರಿ. ನೀವು ನಾಲ್ಕು ಪುಟ ತಡೆದುಕೊಳ್ಳಿ. ಕೊನೆಯ ಪುಟಕ್ಕೆ ಹಾರಬೇಡಿ. ಕೊನೆಯ ಪುಟ ಅಂದರೆ ನಿಮಗೆ ಎಷ್ಟು ಆಸೆ ಅಂತ ಬಲ್ಲೆ.

ನಮ್ಮ ಮದುವೆಯಾದ ಹೊಸದರಲ್ಲಿ, ಹಳೇ ಪುಸ್ತಕ ಕೂಡಿಹಾಕಲು, ವಲಸೆ ಬಂದವರ ಗುಡಾರಗಳಿಗೆ ನೀವು ನನ್ನನ್ನು ಕರೆದುಕೊಂಡು ಹೋಗುತ್ತಿದ್ದಿರಿ, ನೆನಪಿದೆಯೆ? ಹೆರಾತಿನವರು, ಶಿರಾಜಿನವರು, ಯೆಮೆನಿನವರು, ಎಲ್ಲರೂ ಕೆಸರಿನಲ್ಲಿ ಸಾಲಾಗಿ. ನಿಮ್ಮ ಒಂದು ಕೈಯಲ್ಲಿ ಸಕ್ಕರೆ ತುಂಡಿನ ಪೊಟ್ಟಣ, ಇನ್ನೊಂದು ಕೈಯಲ್ಲಿ ಅಚ್ಚಿನ ಹೊಸ ಪುಸ್ತಕಗಳು. ನಾನು ಜೊತೆಗಿದ್ದರೆ ಹೆಂಗಸರು ಗಂಟು ಬಿಚ್ಚುತ್ತಾರೆ ಅಂತ ನನ್ನನ್ನು ಮುಂದೆ ಬಿಡುತ್ತಿದ್ದಿರಿ. "ಅಜ್ಜೀ, ಇದು ಹುಳ ತಿಂದಿದೆ, ಅಕ್ಷರ ಕಾಣಲ್ಲ. ಈ ಹೊಸಾದು ತಗೊಳಿ. ನಿಮ್ಮದನ್ನ ನಾನು ಜೋಪಾನ ಮಾಡ್ತೀನಿ," ಅನ್ನುತ್ತಿದ್ದಿರಿ. ಚರ್ಮದ ಹಾಳೆಯ ಮೇಲೆ ಚಿನ್ನದ ನೀರಿನಲ್ಲಿ ಬರೆದದ್ದು ಕೊಟ್ಟು, ಅಂಗಡಿಯ ಕಾಗದದ ಪುಸ್ತಕ ಇಸಕೊಂಡು, ಆ ಮುದುಕಿಯರು ನಿಮ್ಮ ಕೈಗೆ ಮುತ್ತು ಕೊಡುತ್ತಿದ್ದರು. ಒಬ್ಬಾಕೆ ಮಾತ್ರ ಬಿಗಿಯಾಗಿ ಹಿಡಿದುಕೊಂಡು, "ಜೋಪಾನ ಮಾಡೋದಾದ್ರೆ ನನ್ನೂ ಸೇರಿಸಿ ಮಾಡಪ್ಪಾ, ನಾನೂ ಹಳೇದೇ," ಅಂದಳು. ಅವಳ ಗುಡಾರದಿಂದ ಖಾಲಿ ಕೈಯಲ್ಲಿ ಬಂದದ್ದಕ್ಕೆ ನೀವು ದಾರಿಯುದ್ದಕ್ಕೂ ನನ್ನ ಮೇಲೆ ರೇಗಿದಿರಿ.

ನಮ್ಮಪ್ಪನಿಗೂ ನೀವು ಹಾಗೇ ಮಾಡುತ್ತೀರಿ ಅಂತ ನನಗೆ ತೋಚಲಿಲ್ಲ. ಎಲ್ಲದಕ್ಕೂ ಹೆದರುವ ನನಗೆ, ಹೆದರಬೇಕಾದ ಕಡೆ ಹೆದರಿಕೆ ಹುಟ್ಟಲಿಲ್ಲ.

ಅಪ್ಪ ಮಾರುಕಟ್ಟೆಯಲ್ಲಿ ಹುರಿದ ಕಲ್ಲಂಗಡಿ ಬೀಜ ಮಾರುತ್ತಿದ್ದರು. ಅವರಿಗೆ ಆಸ್ತಿ ಅಂತ ಇದ್ದದ್ದು ಪೆಸಹ್ ಹಬ್ಬದ ರಾತ್ರಿ ಊಟಕ್ಕೆ ಮೊದಲು ಓದುವ ಆ ಪುಸ್ತಕ ಒಂದೇ. ಇಸ್ಫಹಾನಿನಿಂದ ಕತ್ತೆಯ ಮೇಲೆ, ಲಾರಿಯಲ್ಲಿ, ಹಡಗಿನಲ್ಲಿ, ಹೊಟ್ಟೆಗೆ ಕಟ್ಟಿಕೊಂಡು ತಂದದ್ದು. ಮೊದಲ ಪುಟದಲ್ಲಿ ನವಿಲು. ನೀಲಿ ಕತ್ತು, ಬಾಲದಲ್ಲಿ ಒಂದೊಂದು ಕಣ್ಣಿಗೂ ಚಿನ್ನ, ಕಾಲು ಮಾತ್ರ ಕೋಳಿಯದು. ಮೊದಲ ಸಲ ನೋಡಿದಾಗ ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. "ಯಾವನೋ ಹಳ್ಳೀ ಗಮಾರ ಬರ್ದಿದಾನೆ ಮಾವ, ಜನ್ಮದಲ್ಲಿ ನವಿಲು ನೋಡ್ದೋನಲ್ಲ," ಅಂದಿರಿ. ಆಮೇಲೆ ನನ್ನ ಕಡೆ ತಿರುಗಿ, ನನ್ನ ಹೆಸರಿಗೂ ನವಿಲು ಅಂತಲೇ ಅರ್ಥ ನೋಡಿ, "ನೀನೂ ಹಾಗೇ ಕಣೇ ತಾವುಸ್. ಹೆಸರಿಗೆ ನವಿಲು, ಕೆಳಗೆ ಕೋಳಿ," ಅಂದಿರಿ. ಆ ಮಾತು ನಮ್ಮ ಮನೆಯಲ್ಲಿ ಖಾಯಂ ಆಯಿತು. ಅಡಿಗೆ ಉಪ್ಪಾದರೆ ಕೋಳಿಕಾಲು. ಲೋಟ ಒಡೆದರೆ ಕೋಳಿಕಾಲು. ಮಗು ನಿಲ್ಲದೆ ಹೋದಾಗಲೂ ಅದನ್ನೇ ಅಂದಿರಿ. ನಾನು ಮರೆತಿಲ್ಲ.

ನೀವು ಅಪ್ಪನ ಹತ್ತಿರ ಪುಸ್ತಕ ಇಸಕೊಂಡದ್ದು ಬೈಂಡ್ ಮಾಡಿಸಿಕೊಡುತ್ತೇನೆ ಅಂತ. ಹೊಲಿಗೆ ಬಿಟ್ಟಿತ್ತು, ನಿಜ. ಅಪ್ಪ ಅದನ್ನು ತಮ್ಮ ಪ್ರಾರ್ಥನೆಯ ಶಾಲಿನಲ್ಲಿ ಸುತ್ತಿ ನಿಮ್ಮ ತೋಳಿಗೆ ಕೊಟ್ಟರು, ಮಗುವನ್ನು ಕೊಡುವ ಹಾಗೆ. ಮುಂದಿನ ಪೆಸಹ್ ಬಂತು. ಊಟದ ಮುಂದೆ ಅಪ್ಪ ಕೇಳಿದರು, "ಬೈಂಡಿಂಗ್ ಆಯ್ತೇನಪ್ಪಾ ಅಳಿಯ?" ನೀವು ಸಕ್ಕರೆ ತುಂಡು ಹಲ್ಲಿನ ನಡುವೆ ಕಚ್ಚಿಕೊಂಡು ಟೀ ಹೀರುತ್ತಾ, "ಒಳ್ಳೇ ಚರ್ಮ ಸಿಕ್ಕಿಲ್ಲ ಮಾವ. ಈ ಪುಸ್ತಕಕ್ಕೆ ಎಂಥೆಂಥದ್ದೋ ಹಾಕಕ್ಕಾಗುತ್ತಾ?" ಅಂದಿರಿ. ಅಪ್ಪನಿಗೆ ಹೆಮ್ಮೆ. ಪಕ್ಕದ ಅಂಗಡಿಯವರಿಗೆಲ್ಲ ಹೇಳಿಕೊಂಡು ಬಂದರು, ನನ್ನ ಅಳಿಯ ಕಂಡಕಂಡ ಚರ್ಮ ಮುಟ್ಟುವುದಿಲ್ಲ ಅಂತ. ಅದರ ಮುಂದಿನ ವರ್ಷವೂ ಚರ್ಮ ಸಿಗಲಿಲ್ಲ. ಅದರ ಮುಂದಿನ ವರ್ಷವೂ. ಆಡುಗಳೆಲ್ಲ ಎಲ್ಲಿ ಹೋದವು ಅಂತ ನಾನೂ ಒಂದು ಸಲ ಯೋಚಿಸಿದೆ.

ಆಮೇಲೆ ಆ ಮಧ್ಯಾಹ್ನ. ನಿಮ್ಮ ಪುಸ್ತಕ ನೋಡಲು ಕಡಲಾಚೆಯಿಂದ ಬಂದ ಆ ಎತ್ತರದ ಮನುಷ್ಯನಿಗೆ ಟೀ ತಂದೆ. ನಿಮ್ಮ ಗಾಜಿನ ಪೆಟ್ಟಿಗೆಯಲ್ಲಿ ಒಂದು ಪುಸ್ತಕ ತೆರೆದಿಟ್ಟಿತ್ತು. ನಾನು ತಟ್ಟೆ ಇಡಲು ಬಗ್ಗಿದೆ, ನೋಡಿದೆ, ಮೊದಲು ಗುರುತು ಹತ್ತಲಿಲ್ಲ. ನಮ್ಮವರನ್ನು ದಾಸರಾಗಿ ಇಟ್ಟವರ ಮೇಲೆ ಬಿದ್ದ ಹತ್ತು ಪಿಡುಗುಗಳ ಪುಟ. ಅಕ್ಷರ ನಮ್ಮದು, ಅಂಚಿನ ಹೂಬಳ್ಳಿ ನಮ್ಮದು, ಆದರೆ ಪುಟ ಬೆಳ್ಳಗಿತ್ತು. ಪಿಡುಗಿನ ಹೆಸರು ಒಂದೊಂದಾಗಿ ಓದುವಾಗ ದ್ರಾಕ್ಷಾರಸಕ್ಕೆ ಬೆರಳು ಅದ್ದಿ ಹನಿ ಬೀಳಿಸುತ್ತೇವಲ್ಲ, ಆ ಹನಿಗಳೆಲ್ಲ ಆ ಪುಟದ ಮೇಲಿದ್ದವು. ಮುತ್ತಜ್ಜನದು ಕಂದುಬಣ್ಣ, ಅಜ್ಜನದು ಅದರ ಪಕ್ಕ, ಅಮ್ಮನ ಕಿರುಬೆರಳಿನದು ಕಪ್ಪೆಗಳ ಪಿಡುಗಿನ ಪಕ್ಕ ಅಂಚಿನಲ್ಲಿ. ಅಮ್ಮ ಸತ್ತ ಮೇಲೆ ಪ್ರತಿ ಪೆಸಹ್‌ನಲ್ಲಿ ಅಪ್ಪ ಆ ಕಲೆಯ ಮೇಲೆ ಬೆರಳಿಟ್ಟು ಓದುತ್ತಿದ್ದರು. ಒಂದೂ ಇರಲಿಲ್ಲ. ಔಷಧ ಹಾಕಿ ತೊಳೆಸಿಬಿಟ್ಟಿದ್ದಿರಿ.

ಆ ಮನುಷ್ಯನಿಗೆ ನೀವು ಹೇಳುತ್ತಿದ್ದಿರಿ, ಹೆರಾತಿನ ಸಂತೆಯಲ್ಲಿ, ಒಬ್ಬ ಹತ್ತಿ ವ್ಯಾಪಾರಿಯ ಮೂಟೆಯ ಅಡಿಯಲ್ಲಿ ಸಿಕ್ಕಿತು ಅಂತ. ಅವನು ಹೋದ ಮೇಲೆ ನಾನು ಕೇಳಿದೆ, ಕಲೆಗಳೆಲ್ಲಿ ಅಂತ. ನೀವು ಹೇಳಿದ್ದು ಇಷ್ಟು: "ಕೊಳೆ ಕಣೇ ಅದು. ಕೊಳೆ ತೆಗೆಸಿದ್ದಕ್ಕೆ ಅಳೋರನ್ನ ನಾನು ಇವತ್ತೇ ನೋಡಿದ್ದು."

ಅವತ್ತು ಸಂಜೆಯೇ ನಾನು ಅಪ್ಪನ ಮನೆಗೆ ಬಂದೆ. ಬಾಗಿಲು ಹಾಕಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ತಿರುಗಿ ಬಂದು ನೋಡಿ ಹೋದೆ. ನೀವು ಕಿಟಕಿಯಿಂದ ಕಂಡು, ಇವಳು ವಾಪಸು ಬರುತ್ತಾಳೆ ಅಂತ ನಕ್ಕಿರಬೇಕು.

ಅಪ್ಪನಿಗೆ ನಾನು ಕಲೆಯ ವಿಷಯ ಹೇಳಲಿಲ್ಲ. ಚರ್ಮ ಸಿಕ್ಕಿಲ್ಲ ಅಂತಲೇ ಇರಲಿ ಅಂತ ಬಿಟ್ಟೆ. ಅವರು ಪ್ರತಿ ವರ್ಷ ನನ್ನನ್ನು ಕೇಳುತ್ತಿದ್ದರು, ನಾನು ಪ್ರತಿ ವರ್ಷ ನಿಮ್ಮ ಮಾತನ್ನೇ ಹೇಳುತ್ತಿದ್ದೆ. ನಿಮ್ಮ ಸುಳ್ಳನ್ನು ನಾನು ಅಷ್ಟು ವರ್ಷ ಸಾಕಿದೆ. ಅದರ ಉರಿ ಬೇರೆಯೇ ಇದೆ.

ಆ ಕೊನೆಯ ಹಾಳೆ ಪುಸ್ತಕದ ಜೊತೆ ಹೋಗದೆ ಉಳಿದದ್ದಕ್ಕೆ ಕಾರಣ ನನ್ನ ಬೆರಳು. ಚಿಕ್ಕವಳಿದ್ದಾಗ ಅದು ಹೊಲಿಗೆ ಬಿಟ್ಟು ಕೈಗೆ ಬಂದಿತ್ತು. ನನ್ನನ್ನು ಸ್ಕೂಲು ಬಿಡಿಸಿ ಗುಂಡಿ ಹೊಲಿಯಲು ಹಾಕಿದಾಗ, ಅಪ್ಪ ಸಂಜೆ ಹೊತ್ತು ಬೀಜದ ಚೀಲದ ಮೇಲೆ ಆ ಒಂದು ಹಾಳೆ ಹರಡಿ ಅಕ್ಷರ ಕಲಿಸಿದರು. ಇಡೀ ಪುಸ್ತಕ ಕೊಟ್ಟರೆ ನಾನು ಹಾಳು ಮಾಡುತ್ತೇನೆ ಅಂತ ಭಯ ಅವರಿಗೆ. ನನಗೂ ಅದೇ ಭಯ. ಬೆರಳಾಡಿಸಿ ಆಡಿಸಿ ಹಾಳೆಯ ಅಂಚು ಸವೆಯಿತು, ಒಂದು ಮೂಲೆ ಉದುರಿಹೋಯಿತು. ಆಮೇಲೆ ನಾನು ಅದನ್ನು ಅಪ್ಪನ ಪ್ರಾರ್ಥನೆಯ ಚೀಲದಲ್ಲೇ ಇಟ್ಟಿದ್ದೆ. "ಪುಸ್ತಕ ಬರ್ಲಿ ಮಗೂ, ಆಗ ಸೇರಿಸಿ ಹೊಲ್ಸೋಣ," ಅನ್ನುತ್ತಿದ್ದರು.

ಅದು ನಿಮಗೆ ತಿಳಿದದ್ದು ಬಹಳ ತಡವಾಗಿ. ಬರೆದವರ ಹೆಸರು, ಊರು, ವರ್ಷ, ಯಾರಿಗಾಗಿ ಬರೆದದ್ದು, ಎಲ್ಲ ಇರುವುದು ಕೊನೆಯ ಹಾಳೆಯಲ್ಲೇ ಅಂತ ನಿಮ್ಮ ಆ ಪಂಡಿತರು ಹೇಳಿದ ಮೇಲೆ. ಒಬ್ಬ ಹೆರಾತ್ ಅಂದನಂತೆ, ಇನ್ನೊಬ್ಬ ಇಸ್ಫಹಾನ್ ಅಂದನಂತೆ, ಮೂರನೆಯವನು ಇಬ್ಬರಿಗೂ ತಲೆಯಿಲ್ಲ ಅಂದನಂತೆ. ಆಗ ನೀವು ಅಪ್ಪನ ಅಂಗಡಿಗೆ ಹೋಗಿ ಬೀಜ ಮೆಲ್ಲುತ್ತಾ ವಿಚಾರಿಸಿದಿರಿ. ಅಪ್ಪ ಕಪಟ ಅರಿಯದೆ, "ಅದಾ? ಮಗಳ ಹತ್ರ ಇದೆ. ಅದ್ರಲ್ಲೇ ಅಕ್ಷರ ಕಲ್ತಿದ್ದು ಅವ್ಳು," ಅಂದರು.

ಅಲ್ಲಿಂದ ಶುರುವಾಯಿತು ನಿಮ್ಮ ಕಾಗದಕ್ಕೆ ಕಾಗದದ ವ್ಯಾಪಾರ. ನಾನು ನ್ಯಾಯಪೀಠಕ್ಕೆ ಹೋಗಿ ಬಿಡುಗಡೆ ಕೇಳಿದಾಗಲೆಲ್ಲ ನೀವು ಬರುತ್ತಿರಲಿಲ್ಲ. ಬಂದರೆ, "ನನಗೆ ಹೆಂಡತಿ ಮೇಲೆ ಪ್ರೀತಿ ಇದೆ," ಅಂತ ರಬ್ಬಿಗಳೆದುರು ಕಣ್ಣೊರೆಸಿಕೊಳ್ಳುತ್ತಿದ್ದಿರಿ. ಹೊರಗೆ ಮೆಟ್ಟಿಲ ಮೇಲೆ, "ಹಾಳೆ ತಾ, ಬಿಡುಗಡೆ ತಗೋ. ಇಲ್ಲಾಂದ್ರೆ ಕೂದಲು ಬೆಳ್ಳಗಾಗೋವರೆಗೂ ನನ್ನ ಹೆಂಡ್ತಿನೇ ನೀನು," ಅನ್ನುತ್ತಿದ್ದಿರಿ. ಗಂಡ ಬಿಡದೆ ಬಿಡುಗಡೆ ಇಲ್ಲ ಅನ್ನುವುದು ನಮ್ಮ ಕಾನೂನು. ಅದನ್ನು ನೀವು ಗಾಜಿನ ಪೆಟ್ಟಿಗೆಯ ಬೀಗದ ಕೈಯ ಹಾಗೆ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದಿರಿ. ಪಕ್ಕದ ಮನೆ ಗೋಹರ್ ಬೈದಳು: "ಕೊಟ್ಟು ಸಾಯೇ ಆ ಚಿಂದಿನ! ಮನುಷ್ಯಳು ದೊಡ್ಡೋಳೋ ಹಾಳೆ ದೊಡ್ಡದೋ?" ನಾನು ಕೊಡಲಿಲ್ಲ. ಕೊಟ್ಟರೆ ಅದನ್ನೂ ತೊಳೆಸುತ್ತೀರಿ ಅಂತ ಗೊತ್ತಿತ್ತು. ನನ್ನ ಬೆರಳಿನ ಗುರುತನ್ನು ಕೊಳೆ ಅನ್ನುತ್ತೀರಿ ಅಂತ ಗೊತ್ತಿತ್ತು.

ಈ ಚಳಿಗಾಲದಲ್ಲಿ ಅಪ್ಪ ಹೋದರು. ಮೂರನೆಯ ದಿನ ನೀವು ಸೂತಕದ ಮನೆಗೆ ಬಂದಿರಿ. ನಾನು ನೆಲದಲ್ಲಿ ಕೂತಿದ್ದೆ. ನೀವು ಗಿಡ್ಡ ಮಣೆಯ ಮೇಲೆ ಕೂತು, ಬೇಯಿಸಿದ ಮೊಟ್ಟೆ, ಬೇಳೆ ಊಟ ಮಾಡಿ, ಬಾಯಿ ಒರೆಸಿಕೊಂಡು, ಎಲ್ಲರೂ ಅಂಗಳಕ್ಕೆ ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದಿರಿ. ಕಡಲಾಚೆಯ ಮ್ಯೂಸಿಯಮ್ಮಿನವರು ನಿಮ್ಮ ಪುಸ್ತಕಗಳದ್ದೇ ಒಂದು ಪ್ರದರ್ಶನ ಇಡುತ್ತಾರೆ, ದೊಡ್ಡ ಕ್ಯಾಟಲಾಗು ಅಚ್ಚಾಗುತ್ತದೆ, ನಮ್ಮ ಪುಸ್ತಕವೇ ಅದರ ಮುಖಪುಟ, ಬರೆದವನ ಹೆಸರಿನ ಜಾಗ ಮಾತ್ರ ಖಾಲಿ ಅಂದಿರಿ. "ಅಳೋದೆಲ್ಲ ಆಮೇಲೆ ಅಳು. ಹಾಳೆ ಎಲ್ಲಿ?" ಅಂದಿರಿ.

ನಾನು ಹೇಳಿದೆ, "ಮೊದಲು ಬಿಡುಗಡೆ. ಅದು ಕೈಗೆ ಬಂದ ಮೇಲೆ ಹಾಳೆ ಎಲ್ಲಿದೆ ಅಂತ ಹೇಳ್ತೀನಿ."

"ಎಲ್ಲಿದೆ ಅಂತ ಗೊತ್ತಾದ್ರೆ ಸಾಕು," ಅಂದಿರಿ ನೀವು. "ತರೋದು ನನ್ನ ಕೆಲಸ. ಇಂಥಾವನ್ನ ನಾನು ಎಲ್ಲೆಲ್ಲಿಂದ ತಂದಿದೀನಿ ಅಂತ ನಿಂಗೇನು ಗೊತ್ತು?"

ಈ ಮಾತು ನಿಮ್ಮ ಬಾಯಿಂದಲೇ ಬಂದದ್ದು. ನಾನು ಎರಡನೇ ಸಲ ಹೇಳಿಸಿದೆ, ನೆನಪು ಮಾಡಿಕೊಳ್ಳಿ. ಕಿವುಡಿಯ ಹಾಗೆ, "ಏನಂದ್ರಿ?" ಅಂತ ಕೇಳಿದೆ. "ಎಲ್ಲಿದೆ ಅಂತ ಹೇಳಿದ್ರೆ ಸಾಕು, ತರೋದು ನಾನು," ಅಂತ ಮತ್ತೆ ಅಂದಿರಿ. ನಾನು ಕೊಡುತ್ತೇನೆ ಅಂತ ಎಲ್ಲೂ ಅಂದಿಲ್ಲ. ಅದಕ್ಕೇ ನಿದ್ದೆ ಬರುತ್ತಿದೆ.

ಸೋಮವಾರ ಗೋಹರ್ ನನ್ನ ಜೊತೆ ಬಂದಳು. ನನ್ನ ತಲೆವಸ್ತ್ರ ಅವಳೇ ಕಟ್ಟಿದಳು. "ಮದುವೆ ದಿನಾನೂ ನೀನು ಇಷ್ಟು ಲಕ್ಷಣವಾಗಿರ್ಲಿಲ್ಲ ಬಿಡು," ಅಂದಳು. ಬಾಗಿಲಿನಲ್ಲಿದ್ದ ಗುಮಾಸ್ತ ಯಾರು ಮದುಮಗಳು ಅಂತ ಕೇಳಿದ, ಅಭ್ಯಾಸದಿಂದಲೋ ಏನೋ. ಗೋಹರ್, "ಇವಳೇ, ಉಲ್ಟಾ," ಅಂದಳು.

ಅಲ್ಲಿ ನಡೆದದ್ದು ನೀವೂ ನೋಡಿದ್ದೀರಿ, ಆದರೂ ನನಗೆ ಬರೆಯಬೇಕು ಅನಿಸುತ್ತಿದೆ. ದೊಡ್ಡ ರಬ್ಬಿಗಳು ಕೇಳಿದರು, "ನಿನ್ನ ಇಷ್ಟದಿಂದ ಕೊಡ್ತಾ ಇದೀಯೇನಪ್ಪಾ?" ನೀವು ಹೌದು ಅಂದಿರಿ. "ಯಾರಾದರೂ ಬಲವಂತ ಮಾಡಿದ್ದಾರಾ?" ಇಲ್ಲ. "ಏನಾದರೂ ಶರತ್ತು ಇದೆಯಾ? ಇಂಥದ್ದು ಮಾಡಿದರೆ, ಇಂಥದ್ದು ಕೊಟ್ಟರೆ, ಅಂತ? ಇದ್ದರೆ ಈಗಲೇ ಹೇಳು. ಶರತ್ತು ಇಟ್ಟುಕೊಂಡು ಕೊಟ್ಟ ಬಿಡುಗಡೆ ನಮಗೆ ಬೇಡ." ಆಗ ನೀವು ನನ್ನ ಕಡೆ ಒಂದು ಸಲ ನೋಡಿದಿರಿ. ನಾನು ನೆಲ ನೋಡುತ್ತಿದ್ದೆ. "ಯಾವ ಶರತ್ತೂ ಇಲ್ಲ," ಅಂದಿರಿ. ಅವರು ಮತ್ತೆ ಕೇಳಿದರು, ನೀವು ಮತ್ತೆ ಅಂದಿರಿ. ಒಪ್ಪಂದದ ವಿಷಯ ಬಾಯಿ ಬಿಟ್ಟಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು, ಹಾಳೆಯೂ ಇಲ್ಲ. ಬಾಯಿ ಬಿಡದಿದ್ದರೆ ಆ ಒಪ್ಪಂದಕ್ಕೆ ಬೆಲೆಯೇ ಇಲ್ಲ. ನನ್ನಂಥ ಮೂರನೇ ಕ್ಲಾಸಿನವಳಿಗೆ ಇದು ಹೊಳೆದದ್ದು ಹೇಗೋ ನನಗೂ ಗೊತ್ತಿಲ್ಲ. ಹನ್ನೊಂದು ವರ್ಷ ಆ ಮೆಟ್ಟಿಲ ಮೇಲೆ ಕೂತರೆ ಎಂಥವರಿಗೂ ಹೊಳೆಯುತ್ತದೆ ಅಂತ ಕಾಣುತ್ತದೆ.

ಬೊಗಸೆ ಒಡ್ಡಿದೆ. ನೀವು ಬಿಡುಗಡೆ ಪತ್ರವನ್ನು ಮೇಲಿನಿಂದ ಬಿಟ್ಟಿರಿ, ಬಿತ್ತು. ಕೈ ಮುಚ್ಚಿಕೊಂಡೆ. ಕಂಕುಳಲ್ಲಿ ಇಟ್ಟುಕೊಂಡು ಬಾಗಿಲವರೆಗೆ ನಡೆದು ಬಂದೆ, ಅವರು ಹೇಳಿದ ಹಾಗೆ. ಆಮೇಲೆ ಅವರು ಅದನ್ನು ವಾಪಸು ಇಸಕೊಂಡು ಕತ್ತರಿಯಿಂದ ಕತ್ತರಿಸಿದರು. ನೀವು ಟೋಪಿ ಹಾಕಿಕೊಂಡು ಹೊರಗೆ ಹೋಗಿದ್ದಿರಿ. ನಾನು ನಿಂತುಕೊಂಡು ಕೇಳಿದೆ, "ಸ್ವಾಮೀ, ಇದು ಮುಂದೆ ಯಾವತ್ತಾದರೂ ಕ್ಯಾನ್ಸಲ್ ಆಗುತ್ತಾ?" ಅವರು ಇಲ್ಲ ಅಂದರು. "ಅವರಿಗೆ ಆಮೇಲೆ ಬೇಜಾರಾದರೆ?" ಆದರೂ ಇಲ್ಲ. "ತುಂಬಾ ಬೇಜಾರಾದರೆ?" ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಕತ್ತರಿಸಿದ್ದು ಏತಕ್ಕೆ ಅಂದುಕೊಂಡೆ ತಾಯಿ? ಮುಂದೆ ಯಾರೂ ಇದರಲ್ಲಿ ಹುಳುಕು ಹುಡುಕಬಾರದು ಅಂತಲೇ. ನೀನು ಸ್ವತಂತ್ರಳು, ಮನೆಗೆ ಹೋಗಿ ಏನಾದರೂ ತಿನ್ನು."

ಗೋಹರ್ ಮನೆಯಲ್ಲಿ ಸಾರಿನಲ್ಲಿ ಬೇಯಿಸಿದ ಗೊಂದಿ ಉಂಡೆ ಮಾಡಿದ್ದಳು. ಹೊಟ್ಟೆ ತುಂಬ ತಿಂದೆ. ಎಷ್ಟೋ ವರ್ಷದ ಮೇಲೆ.

ಈಗ ಹಾಳೆ ಎಲ್ಲಿದೆ ಅಂತ ಹೇಳುತ್ತೇನೆ. ಗಿವಾತ್ ಶಾವುಲ್ ಗುಡ್ಡದ ಮೇಲೆ ಇದೆ.

ಅಪ್ಪನ ಉಸಿರು ನಿಂತ ಬೆಳಿಗ್ಗೆ ಅಂತ್ಯಕರ್ಮದ ಸಂಘದಿಂದ ಮಾಶಿಯಾಹ್ ಮಾಮ ಬಂದರು. ಇಸ್ಫಹಾನಿನವರೇ, ಅಪ್ಪನ ಜೊತೆ ಒಂದೇ ಹಡಗಿನಲ್ಲಿ ಬಂದವರು. ಸ್ನಾನ ಮಾಡಿಸಿ ಬಟ್ಟೆ ಸುತ್ತುವ ಮೊದಲು, ಜೊತೆಗೆ ಹೂಳಬೇಕಾದದ್ದು ಏನಾದರೂ ಇದೆಯಾ ಅಂತ ಕೇಳಿದರು. ಒಳ್ಳೆಯವರ ಜೊತೆ ಸವೆದ ಪವಿತ್ರ ಹಾಳೆಗಳನ್ನು ಹೂಳುವುದು ಇದ್ದದ್ದೇ. ನಾನು ಅಪ್ಪನ ಚೀಲದಿಂದ ಅದನ್ನು ತೆಗೆದೆ. ಕೊಡಲೋ ಬೇಡವೋ ಅಂತ ಕೈ ಹಿಂದೆ ಮುಂದೆ ಆಯಿತು. "ಮಾಮ, ಇದು ಪೂರ್ತಿ ಸವೆದಿಲ್ಲ, ಅಂಚು ಮಾತ್ರ. ನಡೆಯುತ್ತಾ? ತಪ್ಪಾಗಲ್ಲ ತಾನೇ?" ಅಂದೆ. ಅವರು ಹಾಳೆ ನೋಡಿದರು, ಮೊದಲ ಸಾಲಿನಲ್ಲಿ ಮೇಲಿನವನ ಹೆಸರು ನೋಡಿದರು, ಉದುರಿದ ಮೂಲೆ ನೋಡಿದರು. "ಸವೆದದ್ದು ಸವೆದದ್ದೇ ಮಗಾ. ಪುಸ್ತಕ ಎಲ್ಲಿ?" ಅಂದರು. "ಬೈಂಡಿಂಗಿಗೆ ಹೋಗಿದೆ," ಅಂದೆ. ಅವರು ನನ್ನ ಮುಖ ನೋಡಿದರು. ಮಣ್ಣಿನ ಕುಡಿಕೆಯಲ್ಲಿ ಹಾಳೆ ಸುರುಳಿ ಸುತ್ತಿ ಇಟ್ಟು, ಬಾಯಿಗೆ ಮೇಣ ಮೆತ್ತಿದರು.

ಹೆಂಗಸರು ಗುಂಡಿಯ ಹತ್ತಿರ ಹೋಗುವ ಪದ್ಧತಿ ನಮ್ಮಲ್ಲಿಲ್ಲವಲ್ಲ. ನಾನು ಕೆಳಗೆ ರಸ್ತೆಯ ಪಕ್ಕ ಗೋಹರ್ ಕೊಡೆಯ ಕೆಳಗೆ ನಿಂತಿದ್ದೆ. ಅಲ್ಲಿಂದ ನಿಮ್ಮ ಬೂದು ಕೋಟು ಕಾಣುತ್ತಿತ್ತು. ಮಿಕ್ಕದ್ದು ಮಾಶಿಯಾಹ್ ಮಾಮ ಹೇಳಿದ್ದು. ಅಪ್ಪನನ್ನು ಇಳಿಸಿದ ಮೇಲೆ ತಲೆಯ ಹತ್ತಿರ ಅವರು ಕುಡಿಕೆ ಇಡುವಾಗ ನೀವು ಬಗ್ಗಿ ನೋಡಿದಿರಂತೆ. "ಏನದು?" ಅಂತ ಕೇಳಿದಿರಂತೆ. ಅವರು ಇದ್ದದ್ದನ್ನೇ ಹೇಳಿದರಂತೆ: "ಹಳೇ ಪುಸ್ತಕದ್ದು, ಹರಿದ ಹಾಳೆ." ನೀವು, "ಹೂಂ, ಇಡಿ ಇಡಿ, ಬೇಗ ಮುಗಿಸಿ, ಮಳೆ ಜೋರಾಗ್ತಿದೆ," ಅಂದಿರಂತೆ.

ಹಳೇ ಪುಸ್ತಕದ ಹರಿದ ಹಾಳೆಗಾಗಿ ಜೀವಮಾನವೆಲ್ಲ ಗುಡಾರ ಗುಡಾರ ಅಲೆದವರು ನೀವು.

ಮೇಲೆ ಕಲ್ಲುಚಪ್ಪಡಿ ಮುಚ್ಚಿದರು. ಅಪ್ಪನಿಗೆ ಗಂಡುಮಕ್ಕಳಿಲ್ಲ, ಅಳಿಯನೇ ಮೊದಲು ಅಂತ ಎಲ್ಲರೂ ದಾರಿ ಬಿಟ್ಟರು. ಗುದ್ದಲಿಯನ್ನು ಒಬ್ಬರ ಕೈಯಿಂದ ಒಬ್ಬರು ಇಸಕೊಳ್ಳಬಾರದು, ಮಣ್ಣಿಗೆ ಚುಚ್ಚಿ ನಿಲ್ಲಿಸಬೇಕು, ಮುಂದಿನವನು ತಾನೇ ಎತ್ತಿಕೊಳ್ಳಬೇಕು. ಹಾಗಾಗಿ ಅದನ್ನು ಯಾರೂ ನಿಮ್ಮ ಕೈಗೆ ಕೊಡಲಿಲ್ಲ. ನೀವೇ ಎತ್ತಿಕೊಂಡಿರಿ. ಮೊದಲ ಮಣ್ಣು ನಿಮ್ಮದು. ನಾಲ್ಕು ಜನ ನೋಡಲಿ ಅಂತಲೋ ಏನೋ, ಬೇರೆಯವರಿಗಿಂತ ಜಾಸ್ತಿಯೇ ಹಾಕಿದಿರಂತೆ. "ಎಂಥ ಅಳಿಯ ನೋಡು!" ಅಂತ ವಾಪಸು ಬರುವಾಗ ಜನ ಆಡಿಕೊಂಡದ್ದು ನನ್ನ ಕಿವಿಗೇ ಬಿತ್ತು. ಗೋಹರ್ ಕೊಡೆ ಹಿಡಿದ ಕೈ ಅಲುಗಾಡಿತು. ಅವಳು ಅಳುತ್ತಿದ್ದಾಳೆ ಅಂತ ಎಲ್ಲರೂ ತಿಳಿದುಕೊಂಡರು.

ಕುಡಿಕೆ ಗಟ್ಟಿ ಇದೆ, ಮೇಣವೂ ದಪ್ಪಗಿದೆ. ಹಾಳೆ ಕೊಳೆಯುವುದಿಲ್ಲ. ಬಣ್ಣ ಮಾಸುವುದಿಲ್ಲ. ನಾವಿಬ್ಬರೂ ಹೋದ ಮೇಲೂ ಹಾಗೇ ಇರುತ್ತದೆ. ಎಲ್ಲಿದೆ ಅಂತ ಈಗ ನಿಮಗೆ ಗೊತ್ತು: ನಾಲ್ಕನೆಯ ಮೆಟ್ಟಿಲ ಸಾಲು, ಗೋಡೆಯ ಪಕ್ಕ, ಅಪ್ಪನ ಹೆಸರಿನ ಕಲ್ಲು. ತರುವುದು ನಿಮ್ಮ ಕೆಲಸ. ಗೋರಿ ಅಗೆಯಲು ಯಾವ ರಬ್ಬಿ ಅಪ್ಪಣೆ ಕೊಡುತ್ತಾನೋ ಹುಡುಕಿ. ಆ ಊರಿನಲ್ಲಿ ಈ ಊರಿನಲ್ಲಿ ಹುಡುಕುವುದು ನಿಮಗೇನು ಹೊಸದಲ್ಲ.

ಈ ಕಾಗದವನ್ನು ಅಂಚೆಗೆ ಹಾಕಲು ಭಯ, ಕಳೆದುಹೋದರೆ ನಾನು ಮಾತಿಗೆ ತಪ್ಪಿದ ಹಾಗೆ. ಗೋಹರ್ ಬಂದು ನಿಮ್ಮ ಬಾಗಿಲ ಕೆಳಗೆ ತಳ್ಳುತ್ತಾಳೆ. ಅವಳು ನಿಮ್ಮ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳುತ್ತೇನೆ, ಸುಮ್ಮನೆ, ಒಳಗಿನ ಸದ್ದು ಕೇಳಲು, ಅಂತ ಹಟ ಹಿಡಿದಿದ್ದಾಳೆ. ಬೇಡ ಅಂದಿದ್ದೇನೆ. ಅವಳು ನನ್ನ ಮಾತು ಕೇಳುವವಳಲ್ಲ.

ಇಂತಿ,
ಪಿನ್ಹಾಸರ ಮಗಳು ತಾವುಸ್,
ಇನ್ನೂ ಬೇರೆ ಯಾವ ಹೆಸರಿಟ್ಟು ಕರೆದಿದ್ದರೂ ಅವಳೇ

ಮರೆತಿದ್ದೆ: ಕ್ಯಾಟಲಾಗಿನಲ್ಲಿ "ಬರೆದವನು ಯಾರೆಂದು ತಿಳಿದಿಲ್ಲ" ಅಂತ ಅಚ್ಚಾಗುತ್ತದೆ ಅಂದಿದ್ದಿರಿ. ಅದು ತಪ್ಪು. ಬರೆದದ್ದು ಗಂಡಸಲ್ಲ, ಹೆಂಗಸು. ಅಕ್ಷರವೂ ಅವಳದು, ಚಿತ್ರವೂ ಅವಳದು. ಅಂಥ ಪುಸ್ತಕ ಲೋಕದಲ್ಲಿ ಎಷ್ಟಿವೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹೆಸರು, ಅವಳ ತಂದೆಯ ಹೆಸರು, ಊರು, ವರ್ಷ, ಎಲ್ಲ ಆ ಹಾಳೆಯಲ್ಲಿದೆ. ಅದರಲ್ಲೇ ಅಕ್ಷರ ಕಲಿತವಳು ನಾನು, ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಹೇಳುವುದಿಲ್ಲ. ನೀವು ಎಲ್ಲಿ ಹೇಳಿಕೊಂಡರೂ ಹಾಳೆ ತೋರಿಸು ಅನ್ನುತ್ತಾರೆ. ಒಂದು ಸಾಲು ಮಾತ್ರ ನಿಮಗೆ ಇರಲಿ. ಕೊನೆಯಲ್ಲಿ ಅವಳು ಓದುವವರಿಗೆ ಹೀಗೆ ಬರೆದಿದ್ದಾಳೆ: "ನವಿಲನ್ನು ನಾನು ಕಂಡವಳಲ್ಲ. ಹೇಳಿದ್ದು ಕೇಳಿ ರೆಕ್ಕೆ ಬರೆದೆ, ಅಂಗಳದ ಕೋಳಿ ನೋಡಿ ಕಾಲು ಬರೆದೆ. ನಗುವವನು ನಗಲಿ." ಈಗ ನಗು ನೋಡೋಣ, ನೂರಿ.